ಮರವಿಲ್ಲದ ಮೂವತ್ತೆಂಟು ಜಾಗ

ಅಶ್ವತ್ಥನಾರಾಯಣರು ಮೊದಲ ಸಲ ನನ್ನ ಕಣ್ಣಿಗೆ ಬಿದ್ದದ್ದು ೨೦೧೪ರ ಆಗಸ್ಟಿನಲ್ಲಿ, ಸಿಂಗಪುರದ ಸೆಂಗ್‌ಕಾಂಗಿನ ಅವರ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ನೆಲಮಹಡಿಯ ತೆರೆದ ಜಾಗದಲ್ಲಿ. ಕಲ್ಲುಬೆಂಚಿನ ಮೇಲೆ ಕುಳಿತು, ಕಾಲುಚೀಲಕ್ಕೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಕರವಸ್ತ್ರದಲ್ಲಿ ಹಾಕುತ್ತಿದ್ದರು. ಪಕ್ಕದಲ್ಲಿ, ವಿಮಾನದವರು ಅಂಟಿಸಿದ ಚೀಟಿ ಇನ್ನೂ ಹಾಗೇ ಇದ್ದ ಸೂಟ್‌ಕೇಸು. ಲಿಫ್ಟ್ ಕೆಟ್ಟಿದೆಯೇ ಎಂದು ನಾನು ಕೇಳಿದ್ದಕ್ಕೆ ತಲೆಯೆತ್ತಿ ನಕ್ಕರು.

“ಲಿಫ್ಟ್ ಚೆನ್ನಾಗೇ ಇದೆ. ನಾನೇ ಸ್ವಲ್ಪ ಕೆಟ್ಟಿದೀನಿ. ಐದು ನಿಮಿಷ ಕೂತು ರಿಪೇರಿ ಮಾಡ್ಕೊಂಡು ಮೇಲೆ ಹೋಗ್ತೀನಿ.”

ಆಗ ಅವರಿಗೆ ಐವತ್ತಾರು. ಊರು ಹುಣಸೂರು, ತಂದೆ ಅಲ್ಲಿನ ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ದಿಮ್ಮಿಯನ್ನು ಬಡಿದು ನೋಡಿ ಒಳಗೆ ಟೊಳ್ಳಿದೆಯೋ ಇಲ್ಲವೋ ಹೇಳುವ ವಿದ್ಯೆ ಮಗನಿಗೆ ಅಲ್ಲಿಯೇ ಬಂದಿತ್ತು. ಆ ವಿದ್ಯೆಯೇ ಅವರನ್ನು ಸಿಂಗಪುರದ ಒಂದು ಪ್ಲೈವುಡ್ ಕಾರ್ಖಾನೆಗೆ ಕರೆತಂದಿತು. ಅದು ಮುಚ್ಚಿದ ಮೇಲೆ ರಾಫೆಲ್ಸ್ ಪ್ಲೇಸಿನ ಒಂದು ಮರದ ವ್ಯಾಪಾರದ ಕಂಪನಿಗೆ ಸೇರಿಸಿತು. ಕಂಪನಿ ಅವರನ್ನು ಟಾಂಜಾನಿಯಾದ ಕುರುಚಲು ಕಾಡಿಗೆ ಏಳು ವಾರ ಕಳಿಸಿತ್ತು. ಅಲ್ಲಿ ಎಂಪಿಂಗೊ ಎಂಬ ಮರ ಎಷ್ಟಿದೆ ಎಂದು ಲೆಕ್ಕ ಹಾಕಿ ತರಬೇಕು.

ನಮ್ಮ ಬೀಟೆಯ ದಾಯಾದಿ ಆ ಮರ. ಮುಳ್ಳು, ಸೊಟ್ಟ, ನೋಡಲು ಏನೂ ಅಲ್ಲ. ಸೀಳಿದರೆ ಮಾತ್ರ ಒಳಗೆಲ್ಲ ಇದ್ದಿಲಿನಷ್ಟು ಕಪ್ಪು. ಕ್ಲಾರಿನೆಟ್ ಮಾಡುವವರು ಅದಕ್ಕೆ ಮುಗಿಬೀಳುತ್ತಾರೆ. ಕಡಿಯುವಷ್ಟು ದಪ್ಪವಾಗಲು ಎಪ್ಪತ್ತು ವರ್ಷವಾದರೂ ಬೇಕು. ವರ್ಷಕ್ಕೆ ಎಷ್ಟು ಮರ ಕಡಿಯಲು ಕಂಪನಿ ಅನುಮತಿ ಕೇಳಬಹುದು ಎಂಬುದು ಅಶ್ವತ್ಥನಾರಾಯಣರ ಎಣಿಕೆಯ ಮೇಲೆ ನಿಂತಿತ್ತು.

ಕಾಡಿನ ಮರಗಳನ್ನೆಲ್ಲ ಯಾರೂ ಎಣಿಸುವುದಿಲ್ಲ. ಕಂಪ್ಯೂಟರು ನಕ್ಷೆಯ ಮೇಲೆ, ಯಾವ ದಾಕ್ಷಿಣ್ಯವೂ ಇಲ್ಲದೆ, ತೊಂಬತ್ತಾರು ಚುಕ್ಕಿ ಇಟ್ಟಿತ್ತು. ಪ್ರತಿಯೊಂದಕ್ಕೂ ನಡೆದು ಹೋಗಿ, ಗೂಟ ನೆಟ್ಟು, ಸುತ್ತ ಹಗ್ಗ ತಿರುಗಿಸಿ, ಆ ವೃತ್ತದೊಳಗಿನ ಮರಗಳನ್ನಷ್ಟೇ ಎಣಿಸಬೇಕು. ಮೊದಲ ಎರಡು ದಿನ ಹಾಗೆಯೇ ನಡೆಯಿತು. ಮೂರನೆಯ ದಿನ, ಎದೆಯೆತ್ತರದ ಹುಲ್ಲಿನಲ್ಲಿ ಮೂರು ಗಂಟೆ ನಡೆದು, ನೊಣಗಳಿಂದ ಕಚ್ಚಿಸಿಕೊಂಡು ತಲುಪಿದ ಜಾಗದಲ್ಲಿ ಒಂದೂ ಎಂಪಿಂಗೊ ಇರಲಿಲ್ಲ. ದಾರಿ ತೋರಲು ಬಂದಿದ್ದ ಹಳ್ಳಿಯ ಹಿರಿಯರಾದ ಸಲೂಮ್, ತಮ್ಮ ಮನೆಯಲ್ಲೇ ಅಕ್ಕಿ ಮುಗಿದುಹೋದವರಂತೆ ನಾಚಿಕೊಂಡರು.

“ಸಮುದ್ರ ದಾಟಿ ಬಂದಿದೀರಿ, ನಿಮಗೆ ಬರೀ ಹುಲ್ಲು ತೋರಿಸಿ ಕಳಿಸೋದಾ?” ಎಂದರು ಅರೆಬರೆ ಇಂಗ್ಲಿಷಿನಲ್ಲಿ. “ಆ ಹಳ್ಳದ ಆಚೆ ನಾಲ್ಕು ಮರ ಇವೆ. ನನಗೆ ಗೊತ್ತು. ಬನ್ನಿ.”

ಅಶ್ವತ್ಥನಾರಾಯಣರು ದಣಿದಿದ್ದರು. ಇಷ್ಟು ನಡೆದು ಬರಿಗೈಯಲ್ಲಿ ಹಿಂದಿರುಗಲು ಅವರಿಗೂ ಮನಸ್ಸಾಗಲಿಲ್ಲ. ಗೂಟವನ್ನು ಹಳ್ಳದಾಚೆ ನೆಟ್ಟರು. ನಾಲ್ಕು ಎಂದು ಬರೆದು, ನೋಟುಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದುಕೊಂಡರು. ಅಲ್ಲಿಂದ ಮುಂದೆ ಮರವಿಲ್ಲದ ಕಡೆಯೆಲ್ಲ ಗೂಟ ಸರಿಸಿ ಗೀಟು ಎಳೆಯುವುದೇ ರೂಢಿಯಾಯಿತು.

ಸಿಂಗಪುರಕ್ಕೆ ಮರಳಿದ ಎರಡನೆಯ ದಿನ ಭಾನುವಾರ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ಕುಳಿತರು. ಅವರ ಕಣ್ಣು ಬೇಗ ಸೋಲುತ್ತಿತ್ತು. ಹೆಂಡತಿ ಸರಳಾ ನೋಟುಬುಕ್ಕನ್ನು ಓದಬೇಕು, ಇವರು ಒತ್ತಬೇಕು.

“ಐವತ್ತೊಂದನೇ ಚುಕ್ಕಿ, ಎಂಟು ಮರ. ಐವತ್ತೆರಡು, ಐದು. ಐವತ್ತಮೂರು, ಹನ್ನೊಂದು.” ಸರಳಾ ನಿಲ್ಲಿಸಿದರು. “ರೀ, ಒಂದ್ಸಲಾನೂ ಸೊನ್ನೆ ಬರ್ಲಿಲ್ವಲ್ಲ? ಮರ ಇಲ್ದೇ ಇರೋ ಜಾಗಾನೇ ಇಲ್ವಾ ಅಲ್ಲಿ?”

“ಇದೆ.”

“ಮತ್ತೆ ಅದನ್ನ ಎಲ್ಲಿ ಬರ್ದಿದೀರ?”

ಅವರು ನೋಟುಬುಕ್ಕು ತೆಗೆದುಕೊಂಡು ಗೀಟುಗಳನ್ನು ಎಣಿಸಿದರು. ಮೂವತ್ತೆಂಟು. ಹಾಗೆಯೇ ಬಿಟ್ಟರೆ ಹೆಕ್ಟೇರಿಗೆ ಒಂಬತ್ತು ಮರ. ಆ ಮೂವತ್ತೆಂಟಕ್ಕೂ ಸೊನ್ನೆ ಹಾಕಿದರೆ ಐದೂವರೆ. ಇಲ್ಲದ ಮರಗಳನ್ನು ನಂಬಿ ಇರುವ ಮರಗಳಿಗೆ ಕೊಡಲಿ ಬೀಳುತ್ತಿತ್ತು, ಅದೂ ಅವರ ಸಹಿಯ ಮೇಲೆ.

“ದಣಿದುಬಿಟ್ಟಿದ್ದೆ ಕಣೇ,” ಎಂದರು.

“ಅದು ಮುಖ ನೋಡಿದ್ರೇ ಗೊತ್ತಾಗುತ್ತೆ. ಈಗೇನು ಮಾಡ್ತೀರ?”

ಸೋಮವಾರ ಮ್ಯಾನೇಜರ್ ಗಿರಿಧರನ ಮುಂದೆ ನೋಟುಬುಕ್ಕು ಇಟ್ಟರು. ಬೆಂಗಳೂರಿನ ಹುಡುಗ, ಮೂವತ್ತನಾಲ್ಕರವನು. ಇವರ ಮೇಲೆ ಗೌರವವಿದ್ದವನೇ.

“ಸರ್, ನೈನ್ ಅಂತ ಆಲ್‌ರೆಡಿ ಪ್ರೆಸೆಂಟೇಷನ್‌ಗೆ ಹಾಕ್ಬಿಟ್ಟಿದೀನಿ. ಸೊನ್ನೆ ಎಣಿಸೋಕೆ ಯಾರಾದ್ರೂ ಆಫ್ರಿಕಾಗೆ ಹೋಗ್ತಾರಾ?”

“ಹೋಗ್ಬೇಕಪ್ಪ. ಮೂವತ್ತೆಂಟು ಸಲ ಹೋಗಿದೀನಿ. ಬರೀಲಿಲ್ಲ, ಅಷ್ಟೇ.”

“ಯಾರಿಗೂ ಗೊತ್ತಾಗಲ್ಲ ಸರ್. ನಿಮ್ಮ ತಪ್ಪನ್ನ ನೀವೇ ಯಾಕೆ ಅನೌನ್ಸ್ ಮಾಡ್ತೀರ? ಡಿಸೆಂಬರ್‌ಗೆ ನಿಮ್ಮ ಕಾಂಟ್ರಾಕ್ಟ್ ರಿನ್ಯೂಗೆ ಬರುತ್ತೆ.”

“ಅದಕ್ಕೇ ಇವತ್ತೇ ಹೇಳ್ತಿದೀನಿ. ಡಿಸೆಂಬರ್ ಹತ್ತಿರ ಬಂದ್ರೆ ಧೈರ್ಯ ಸಾಲಲ್ಲ.”

ಗಿರಿಧರ್ ನೋಟುಬುಕ್ಕನ್ನು ಅವರ ಕಡೆಗೆ ಸರಿಸಿದ. “ಬರ್ಕೊಡಿ ಸರ್. ಮೇಲಕ್ಕೆ ಕಳಿಸ್ತೀನಿ. ಆಮೇಲೆ ನನ್ನ ಕೈಲಿಲ್ಲ.”

ಗೂಟ ಸರಿಸಿದ್ದು ತಾನೇ, ಸಲೂಮ್ ಅಲ್ಲ ಎಂದು ಒಂದು ಪುಟ ಬರೆದು ಸಹಿ ಹಾಕಿದರು. ವರದಿಯಲ್ಲಿ ಐದೂವರೆಯೇ ಹೋಯಿತು. ಕಂಪನಿ ಕೇಳಿಕೊಂಡ ಮರಗಳ ಸಂಖ್ಯೆಯೂ ಇಳಿಯಿತು. ಡಿಸೆಂಬರಿನಲ್ಲಿ ಯಾರೂ ಒಂದು ಮಾತೂ ಗದರಲಿಲ್ಲ. ಕೇಕು ಕತ್ತರಿಸಿದರು, ಒಂದು ಪೆನ್ನು ಕೊಟ್ಟರು, ಕಾಂಟ್ರಾಕ್ಟು ಮುಗಿಯಿತು ಎಂದರು. ಆ ಸಂಜೆ ಎಂ.ಆರ್.ಟಿ. ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಸೆಂಗ್‌ಕಾಂಗ್ ದಾಟಿದ್ದೂ ತಿಳಿಯದೆ ಪುಂಗೋಲಿನ ಕೊನೆಯ ನಿಲ್ದಾಣದವರೆಗೆ ನಿದ್ದೆ ಹೋದರು.

ಆರು ತಿಂಗಳು ಮನೆಯಲ್ಲಿ ಕುಳಿತ ಮೇಲೆ ಬೇರೊಂದು ಕೆಲಸ ಸಿಕ್ಕಿತು. ಈಗ ೨೦೧೯, ಅದನ್ನೇ ಮಾಡಿಕೊಂಡಿದ್ದಾರೆ. ಸೆರಂಗೂನಿನ ರಸ್ತೆ ಬದಿಯ ಮರಗಳನ್ನು ತಪಾಸಣೆ ಮಾಡುವ ಗುತ್ತಿಗೆದಾರನ ಬಳಿ ನೌಕರಿ. ಅಂಗಡಿಗಳು ತೆರೆಯುವ ಮೊದಲೇ ಮರದ ಸುತ್ತಿಗೆ ಹಿಡಿದು ಹೊರಡುತ್ತಾರೆ, ಕಾಂಡ ಬಡಿದು ಕಿವಿಗೊಡುತ್ತಾರೆ. ಒಂದೊಂದು ಮರಕ್ಕೂ ಒಂದೊಂದು ನಂಬರು. ಮರ ಬಿದ್ದು ಬರೀ ಗುಂಡಿ ಉಳಿದ ಕಡೆ ಜೊತೆಯವರು ನಿಲ್ಲುವುದಿಲ್ಲ. ಇವರು ಬಿಸಿಲಿನಲ್ಲಿ ನಿಂತು, ನಂಬರು ನೋಡಿ, ಬರೆದುಕೊಂಡೇ ಮುಂದೆ ಹೋಗುತ್ತಾರೆ. “ಅಂಕಲ್, ಅಲ್ಲೇನೂ ಇಲ್ಲ ಲಾ,” ಎಂದು ಜೊತೆಯವರು ಸಿಂಗಪುರದ ಧಾಟಿಯಲ್ಲಿ ಕೂಗಿದರೆ, “ಅದನ್ನೇ ಬರೀತಿದೀನಿ” ಎನ್ನುತ್ತಾರೆ.

ಸಂಜೆ ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಅದೇ ಮೇಜಿನ ಮುಂದೆ ಕೂರುತ್ತಾರೆ. ಸರಳಾ ಓದುತ್ತಾರೆ.

“ನೂರಾ ಹನ್ನೆರಡು, ಸರಿ ಇದೆ. ನೂರಾ ಹದಿಮೂರು, ಟೊಳ್ಳು. ನೂರಾ ಹದಿನಾಲ್ಕು, ಸೊನ್ನೆ.”

ಇವರು ಸೊನ್ನೆ ಒತ್ತುತ್ತಾರೆ. ಸರಳಾ ಮುಂದಿನ ಸಾಲಿಗೆ ಹೋಗುತ್ತಾರೆ.