ಒಂಟಿ ಕ್ಯೂ, ಒಂದೇ ಕೂಗು

ನಮ್ಮ ಅಪ್ಪಯ್ಯ ಹೊಸನಗರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಗೇಣಿ ಗದ್ದೆ ಉತ್ತವರ ಮನೆಯಿಂದ ಬಂದು ಇಂಗ್ಲಿಷ್ ಕಲಿಸಿದೆ ಎಂಬ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು. ಕ್ಯೂ ಅಕ್ಷರ ಬಂದಾಗಲೆಲ್ಲ ಮಕ್ಕಳಿಗೆ ಒಂದೇ ಪಾಠ: ಕ್ಯೂ ಗಂಡ, ಯು ಹೆಂಡತಿ, ಹೆಂಡತಿಯನ್ನು ಬಿಟ್ಟು ಗಂಡ ಹೊರಗೆ ಕಾಲಿಡುವ ಹಾಗಿಲ್ಲ. ಕ್ವೀನ್, ಕ್ವಿಕ್, ಕ್ವಶ್ಚನ್, ಎಲ್ಲಿ ಬೇಕಾದರೂ ನೋಡಿಕೊಳ್ಳಿ ಅನ್ನುತ್ತಿದ್ದರು. ಆ ಪಾಠ ನಾನೂ ಕೇಳಿದ್ದೇನೆ, ಬೆತ್ತದ ಏಟಿನ ಸಮೇತ.

ನಿವೃತ್ತಿಯಾದ ಮೇಲೆ ಮನುಷ್ಯ ಉಲ್ಟಾ ಹೊಡೆದರು. ಮೊಬೈಲಿನಲ್ಲಿ ಪದ ಜೋಡಿಸುವ ಆಟ ಆಡುತ್ತಾ ಆಡುತ್ತಾ, ಪಕ್ಕದಲ್ಲಿ ಯು ಇಲ್ಲದೆ ಕ್ಯೂ ಒಂಟಿಯಾಗಿ ಓಡಾಡುವ ಪದಗಳನ್ನು ಹುಡುಕುವ ಹುಚ್ಚು ಹಿಡಿಯಿತು. ತೀರ್ಥಹಳ್ಳಿಯ ಆಫೀಸಿನಲ್ಲಿ ನಾನು ಕೆಲಸದಲ್ಲಿ ಮುಳುಗಿದ್ದಾಗಲೇ ಫೋನು ಬರಬೇಕು. "ಕನಾತ್ ಅಂದ್ರೆ ಎಂತ ಹೇಳು?" ನನಗೆ ಗೊತ್ತಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಮರುಭೂಮಿಯ ಸೀಮೆಗಳಲ್ಲಿ ಗುಡ್ಡದ ಬುಡದಿಂದ ನೆಲದೊಳಗೇ ನೀರು ತರುವ ಸುರಂಗವಂತೆ. ಕಿವಿಯಟ್ ಅಂದರೆ ಹಿಮದ ನಾಡಿನ ಎತ್ತಿನಂಥ ಪ್ರಾಣಿಯ ಒಳಮೈ ಉಣ್ಣೆ. ಟ್ರ್ಯಾಂಕ್ ಅಂದರೆ ಮಂಪರಿನ ಮದ್ದು. ಕ್ವರ್ಟಿ ಅಂದರೆ ಟೈಪ್‌ರೈಟರಿನ ಮೇಲಿನ ಸಾಲಿನ ಮೊದಲ ಅಕ್ಷರಗಳು, ಅವನ್ನೇ ಸೇರಿಸಿ ಒಂದು ಪದ ಅಂತ ಮಾಡಿಬಿಟ್ಟಿದ್ದಾರೆ. ಅಪ್ಪಯ್ಯನಿಗೆ ಅದೊಂದು ಮಾತ್ರ ಸರಿಬರಲಿಲ್ಲ.

"ಹೆಂಡ್ತಿ ಬಿಟ್ಟು ತಿರುಗೋರನ್ನೆಲ್ಲ ಹುಡುಕ್ತಿದಾರೆ ಕಣೆ ನಿಮ್ಮಪ್ಪಯ್ಯ," ಎಂದು ಅಮ್ಮ ಫೋನಿನ ಹಿಂದಿನಿಂದ ಹೇಳುವಳು. "ಆ ಉಣ್ಣೇಲಿ ಒಂದು ಶಾಲು ತರ್ಸಿ ಅಂದ್ರೆ ಮಾತ್ರ ಕಿವಿ ಕೇಳ್ಸಲ್ಲ."

ಅಮ್ಮನದು ಬೇರೆಯದೇ ಶಾಸ್ತ್ರ. ಮುಚ್ಚಂಜೆಯಲ್ಲಿ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು. ಮನುಷ್ಯರಾದರೆ ಇನ್ನೊಂದು ಸಲ ಕರೆಯುತ್ತಾರೆ, ಅದು ಕರೆಯುವುದಿಲ್ಲ. ಅದು ಅಂದರೆ ಯಾವುದು ಅಂತ ಅವಳು ಯಾವತ್ತೂ ಬಿಡಿಸಿ ಹೇಳಿಲ್ಲ. ಅದು ಮನೆಯವರ ದನಿಯಲ್ಲೇ ಕರೆಯುತ್ತದೆ ಅನ್ನುವುದನ್ನು ಮಾತ್ರ ನನ್ನ ತಲೆಗೆ ಎಣ್ಣೆ ತಿಕ್ಕುತ್ತಲೇ ಹೇಳಿಕೊಟ್ಟಿದ್ದಳು. ಅಪ್ಪಯ್ಯ ನಗುತ್ತಿದ್ದರು. ಆದರೂ ಅವಳನ್ನು ಕರೆಯುವಾಗ ತಪ್ಪದೆ ಎರಡು ಸಲ ಕರೆಯುತ್ತಿದ್ದರು. ಹೆಸರಿಲ್ಲ, ಗಿಸರಿಲ್ಲ. "ಕೇಳ್ತಾ? ಕೇಳ್ತಾ?" ಅಷ್ಟೇ. ಎರಡನೆಯದಕ್ಕೆ ಒಳಗಿನಿಂದ "ಓ" ಬರುತ್ತಿತ್ತು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಸಾಗರದ ಆಸ್ಪತ್ರೆಯಿಂದ ಕರೆತಂದಾಗ ಬಲಗೈಗೆ ಸ್ವಾಧೀನ ಇರಲಿಲ್ಲ, ಮಾತೂ ಇರಲಿಲ್ಲ. ಅವರಿಗೆ ಇಷ್ಟವಾದದ್ದನ್ನೇ ಮಾತಾಡಿಸಿ ಅಂದರು ಡಾಕ್ಟರು. ನನಗೆ ಹೊಳೆದದ್ದು ಕ್ಯೂ. ಶನಿವಾರ ಸಂಜೆ ಬಸ್ಸಿಳಿದು ಬಂದವಳೇ ಎದುರು ಕೂತು "ನೆಲದೊಳಗಿನ ನೀರಿನ ಸುರಂಗಕ್ಕೆ ಎಂತ ಅಂತಾರೆ ಅಪ್ಪಯ್ಯ?" ಎಂದು ಪೀಡಿಸುತ್ತಿದ್ದೆ. ಬಾಯಿ ಸೊಟ್ಟಗಾಗಿ, ಬೆವರಿ, ಸಿಟ್ಟು ಬಂದು, ಕೊನೆಗೊಂದು ದಿನ "ಕ...ನಾತ್" ಅಂದರು. ನಾನು ಅತ್ತುಬಿಟ್ಟೆ. ಹಾಗೇ, ಕ್ಯೂ ಹಾಕಿ ಬರೆಯುವ ಫಕೀರ್ ಬಂತು, ಟ್ರ್ಯಾಂಕ್ ಬಂತು. ಅನ್ನ, ನೀರು, ನೋವು, ಯಾವುದಕ್ಕೂ ಕನ್ನಡ ಬರಲಿಲ್ಲ. ಬಾಯಾರಿದರೂ ಕನಾತ್.

ಅಮ್ಮ ಅವರ ಗಲ್ಲ ಒರೆಸುತ್ತಾ ಕೂತಿರುತ್ತಿದ್ದಳು. "ಊರ ಮೇಲಿನದ್ದೆಲ್ಲ ನೆನಪದೆ. ನನ್ನ ಕರ್ಯೋದೊಂದು ಮರ್ತದೆ," ಅಂದಳು ಒಮ್ಮೆ. ತಮಾಷೆಗೆ ಅಂದದ್ದಲ್ಲ. ಅವಳಿಗೆ ಆ ಕೈ ಬೇಡ, ಕಾಲು ಬೇಡ, ಆ "ಕೇಳ್ತಾ" ಒಂದು ವಾಪಸು ಬಂದರೆ ಸಾಕಿತ್ತು. ನಾನು ಹೇಳಿಕೊಡಲು ನೋಡಿದೆ. ಅಪ್ಪಯ್ಯ ಅವಳ ಮುಖ ನೋಡಿ ನೋಡಿ, ಆಗದೆ, ಗೋಡೆಗೆ ತಿರುಗಿಕೊಳ್ಳುತ್ತಿದ್ದರು. ಅಷ್ಟು ಹಟದ ಮನುಷ್ಯ ಹಾಗೆ ಸೋಲುವುದನ್ನು ನೋಡಲಾಗದೆ ನಾನೇ ಬಿಟ್ಟೆ.

ಆ ಶನಿವಾರ ನಾನು ಬರುವ ಹೊತ್ತಿಗೆ ಮುಚ್ಚಂಜೆ. ಹಿತ್ತಿಲಲ್ಲಿ ಅಮ್ಮ ಒಣಗಿದ ಬಟ್ಟೆಯನ್ನೆಲ್ಲ ಎದೆಗೆ ಅವುಚಿಕೊಂಡು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತುಟಿ ಮೇಲೆ ಬೆರಳಿಟ್ಟಳು.

"ಒಳಗಿಂದ ಕೂಗು ಬಂತು. ಕೇಳ್ತಾ ಅಂತ. ಅವರದ್ದೇ ದನಿ, ಮೊದಲಿನ ಹಂಗೇ, ಸ್ವಚ್ಛ."

"ಹೋಗಿ ನೋಡ್ಲಿಲ್ವಾ?"

"ಒಂದೇ ಸಲ ಕಣೆ. ಅವರಿಗೆಲ್ಲಿ ಬತ್ತದೆ ಆ ಮಾತು? ಇನ್ನೊಂದು ಸಲ ಬರ್ಲಿ ಅಂತ ಕಾಯ್ತಿದೀನಿ."

ಒಳಗೆ ಅಪ್ಪಯ್ಯ ಕುರ್ಚಿಯಲ್ಲಿ ಹಿತ್ತಿಲ ಬಾಗಿಲ ಕಡೆಗೆ ವಾಲಿದ್ದರು. ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ತಕ್ಷಣಕ್ಕೆ ಹೋಗಿಬಿಡುವಂಥದ್ದು, ನೀವು ಓಡಿ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಅಂದರು ಡಾಕ್ಟರು. ಅದನ್ನು ಅಮ್ಮ ಕೇಳಿಸಿಕೊಂಡಳೋ ಇಲ್ಲವೋ. ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ, ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ ಕೇಳಿದಳು. "ಅವರೇ ಕರ್ದಿದ್ದಾ?"

ಹೌದು ಅಂದರೆ, ಅಷ್ಟು ತಿಂಗಳು ಒದ್ದಾಡಿ ಹುಡುಕಿ ತಂದ ಮಾತಿಗೆ ಅವಳು ಓಗೊಡಲಿಲ್ಲ. ಅಲ್ಲ ಅಂದರೆ, ಅವರು ಅವಳನ್ನು ಕರೆಯದೆಯೇ ಹೋದರು. ಯಾವುದನ್ನು ಹೇಳಲಿ? ನನಗೆ ಅಪ್ಪಯ್ಯನ ಮೇಲೇ ಕೋಪ ಬಂತು. ಇನ್ನೊಂದು ಸಲ ಕರೆಯಬಾರದಿತ್ತೇ? ನಾನು ಬಟ್ಟೆ ತಗೊಂಡು ಪಾತ್ರೆ ಒರೆಸಿದೆ.

ಈಗ ನಾನು ದಿನಾ ಹೊಸನಗರದಿಂದಲೇ ತೀರ್ಥಹಳ್ಳಿಗೆ ಓಡಾಡುತ್ತೇನೆ. ಬಸ್ಸಿನಲ್ಲಿ ನಾನೂ ಆ ಪದಗಳ ಆಟ ಆಡುತ್ತೇನೆ. ಕ್ಯೂ ಬಂದರೆ ಕನಾತ್ ಜೋಡಿಸಲು ಬೆರಳು ಏಳುವುದಿಲ್ಲ, ಹಾಗೇ ಇಟ್ಟುಕೊಂಡು ಸೋಲುತ್ತೇನೆ. ಅಮ್ಮನ ಶಾಸ್ತ್ರ ಮಾತ್ರ ಬದಲಾಗಿದೆ. ಮುಚ್ಚಂಜೆಯಲ್ಲಿ ರಸ್ತೆಯಲ್ಲಿ ಯಾರೋ ಯಾರನ್ನೋ ಕರೆದರೂ ಅವಳು "ಓ" ಅನ್ನುತ್ತಾಳೆ. ಪಕ್ಕದ ಮನೆಯವರು ಮೊದಮೊದಲು ನಕ್ಕರು, ಈಗ ಆ ಹೊತ್ತಿಗೆ ದನಿ ತಗ್ಗಿಸುತ್ತಾರೆ.

ಮೊನ್ನೆ ಗೇಟಿನ ಚಿಲಕ ಸಿಕ್ಕಿಕೊಂಡು ಹೊರಗೇ ನಿಂತು "ಅಮ್ಮಾ" ಅಂದೆ. ಒಂದೇ ಸಲ.

"ಓ! ಬಂದೆ, ಇಲ್ಲೇ ಇದೀನಿ, ಬಂದೆ," ಎನ್ನುತ್ತಾ ಒದ್ದೆ ಕೈಯಲ್ಲೇ ಓಡಿ ಬಂದಳು. ನನ್ನನ್ನು ಕಂಡು ನಿಂತಳು. ಚಿಲಕ ಬಿಡಿಸಿ, ನನ್ನ ಬೆನ್ನ ಹಿಂದಿನ ರಸ್ತೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ನೋಡಿದಳು.

"ನೀನೊಬ್ಳೇನಾ?" ಅಂದಳು.