ಮಲ್ಲಪ್ಪನ ದನಿಯಲ್ಲಿ ಒಂದು ಟ್ರಂಕ್ ಕಾಲ್

ನಮ್ಮ ಬ್ಯಾಂಕಿನ ಮಾನ್ವಿ ಶಾಖೆಗೆ ಮೊನ್ನೆ ಹೊಸ ಫೋನು ಬಂತು. ನಂಬರು ತಿರುಗಿಸಿದರೆ ಸಾಕು, ನೇರವಾಗಿ ರಾಯಚೂರು ಸಿಗುತ್ತದೆ. ಟ್ರಂಕ್ ಕಾಲ್ ಬುಕ್ ಮಾಡಿ, ಊಟ ಮುಗಿಸಿ ಬಂದು, ಮತ್ತೆ ಕಾಯುವ ಕಾಲ ಹೋಯಿತು. ಹಳೆಯ ಕರಿ ಫೋನನ್ನು ಜವಾನ ಕಪಾಟಿನ ಮೇಲೆ ಇಟ್ಟಿದ್ದಾನೆ. ನಿವೃತ್ತ ತಹಶೀಲ್ದಾರರ ಹಾಗೆ ಯಾರೂ ನಮಸ್ಕಾರ ಮಾಡದೆ ಕೂತಿದೆ. ಅದನ್ನು ಅವನ ಕೈಗೆ ಎತ್ತಿಕೊಡುವಾಗ ನನ್ನ ಮೂಗಿಗೆ ಒಂದು ವಾಸನೆ ಹೊಡೆಯಿತು. ಇಂಕು, ಬೆವರು, ಬಂದುಹೋದ ಮ್ಯಾನೇಜರುಗಳ ತಲೆಗೆ ಹಚ್ಚಿದ ಎಣ್ಣೆ, ಎಲ್ಲ ಕೂಡಿದ ವಾಸನೆ. ನನಗೆ ಒಮ್ಮೆಗೇ ಬೆವರು ಬಂತು.

ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ನೀವು ಬೇರೆಯವರಿಂದ ಕೇಳಿದರೆ ಇನ್ನಷ್ಟು ಮಸಾಲೆ ಸೇರಿರುತ್ತದೆ. ಆ ಫೋನಿಗೆ ಬಾಯಿ ಹಚ್ಚಿ ನಾನೊಂದು ಕತ್ತೆ ಕೆಲಸ ಮಾಡಿದ್ದೇನೆ: ಒಬ್ಬ ಗೆಳೆಯನ ದನಿ ಮಾಡಿ ಇನ್ನೊಬ್ಬ ಗೆಳೆಯನನ್ನು ಊಟಕ್ಕೆ ಕರೆದಿದ್ದೇನೆ. ಹುಡುಗಾಟದ ವಯಸ್ಸು ಎಂದು ಕ್ಷಮಿಸುವಂತಿಲ್ಲ. ಇದು ಹೋದ ವರ್ಷದ ಮಾತು. ತಲೆ ಆಗಲೇ ಅರ್ಧ ಬೋಳಾಗಿತ್ತು.

ಬೇರೆಯವರ ದನಿ ಮಾಡುವ ಈ ಚಟ ನನಗೆ ಹತ್ತಿದ್ದು ರಾಯಚೂರಿನ ಕಾಲೇಜಿನಲ್ಲಿ, ಎಪ್ಪತ್ತರ ದಶಕ ಇನ್ನೂ ಹೊಸದಾಗಿದ್ದಾಗ. ಮಧ್ಯಾಹ್ನದ ಕ್ಲಾಸು, ಹೊರಗೆ ರಾಯಚೂರಿನ ಬಿಸಿಲು, ಒಳಗೆ ತಿರುಗಲೋ ಬೇಡವೋ ಎಂದು ಯೋಚಿಸುವ ಫ್ಯಾನು. ಇಂಥ ಹೊತ್ತಿನಲ್ಲಿ ನಾನು ಬಾಗಿಲ ಹೊರಗೆ ನಿಂತು ಪ್ರಿನ್ಸಿಪಾಲರ ಕೆಮ್ಮು ಕೆಮ್ಮುತ್ತಿದ್ದೆ. ಒಳಗೆ ಇಡೀ ಕ್ಲಾಸು ಎದ್ದು ನಿಲ್ಲುತ್ತಿತ್ತು, ಲೆಕ್ಚರರು ಗಡಿಬಿಡಿಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಕೆಮ್ಮಿ ತಿರುಗಿದರೆ ಹಿಂದೆ ಪ್ರಿನ್ಸಿಪಾಲರೇ ನಿಂತಿದ್ದಾರೆ. ಬೈಯಲಿಲ್ಲ. ಎರಡನೆಯ ಕೆಮ್ಮು ಸ್ವಲ್ಪ ಉದ್ದವಾಯಿತೆಂದು ಹೇಳಿ ಹೋದರು. ಅಂದಿನಿಂದ ನನಗೆ ನಾನು ದೊಡ್ಡ ಕಲಾವಿದ ಎಂಬ ಭ್ರಮೆ. ಬಾರುಕೋಲಿನಿಂದ ಎರಡು ಬಿಗಿದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ನಾನು ಅತಿ ಚೆನ್ನಾಗಿ ಮಾಡುತ್ತಿದ್ದದ್ದು ಪಕ್ಕದ ಬೆಂಚಿನ ಇಬ್ಬರನ್ನು. ಖಾಜಾ ರಾಯಚೂರಿನವನೇ, ಅಪ್ಪನಿಗೆ ಲಾರಿ ಸಾಮಾನಿನ ಅಂಗಡಿ. ಅವನ ಮಾತು ಚೀಲದಿಂದ ನಟ್ಟು ಬೋಲ್ಟು ಸುರಿದ ಹಾಗೆ. ಮಲ್ಲಪ್ಪ ದೇವದುರ್ಗದ ಕಡೆಯ ಮಸರಕಲ್ಲಿನವನು, ಕುರಿ ಸಾಕುವ ಮನೆತನ. ಅವನು ಮಾತಾಡುವ ಮೊದಲು ಗಂಟಲಲ್ಲಿ ಒಂದು ಸದ್ದು ಮಾಡುತ್ತಾನೆ. ಆಮೇಲೆ ದೊಡ್ಡಿಯ ಬಾಗಿಲಲ್ಲಿ ಕುರಿ ದಾಟಿಸಿದಂತೆ ಒಂದೊಂದೇ ಮಾತನ್ನು ಹೊರಗೆ ಬಿಡುತ್ತಾನೆ. ಇಷ್ಟು ಬೇರೆಯಾದ ಇಬ್ಬರು ಹೇಗೆ ಕೂಡಿದರೋ. ಹಾಸ್ಟೆಲಿನ ಅನ್ನ ಸೇರದ ಮಲ್ಲಪ್ಪ ದಿನ ಬಿಟ್ಟು ದಿನ ಖಾಜಾನ ಮನೆಯಲ್ಲಿರುತ್ತಿದ್ದ. ಖಾಜಾನ ತಾಯಿ ಅವನ ತೋಳು ಹಿಡಿದು ನೋಡಿ, ಒಣಗಿ ಕಟ್ಟಿಗೆ ಆಗಿದ್ದಾನೆಂದು ದಖನಿ ಉರ್ದುವಿನಲ್ಲಿ ಬೈಯುತ್ತ ಬಡಿಸುತ್ತಿದ್ದರು. ಜೊತೆಗೆ ಹೋದ ನನ್ನ ತೋಳನ್ನು ಅವರು ಒಮ್ಮೆಯೂ ಹಿಡಿದು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಕಾಲೇಜು ಮುಗಿದು ನಾವು ಚದುರಿದೆವು. ಖಾಜಾ ಅಪ್ಪನ ಅಂಗಡಿಯಲ್ಲಿ ಕೂತ. ಮಲ್ಲಪ್ಪ ದೇವದುರ್ಗದ ಹೈಸ್ಕೂಲಿನಲ್ಲಿ ಮಾಸ್ತರನಾದ. ನಮ್ಮ ಕ್ಲಾಸಿನ ಶಾಂತಾ, ಪ್ರಿನ್ಸಿಪಾಲರ ಕೆಮ್ಮಿಗೂ ಎದ್ದು ನಿಲ್ಲದೆ ಕೂತಿರುತ್ತಿದ್ದ ಒಬ್ಬಳೇ ಹುಡುಗಿ, ಕಲ್ಲೂರಿನ ಶಾಲೆಯಲ್ಲಿ ಹೆಡ್‌ಮಿಸ್ಸಾದಳು. ನಾನು ಬ್ಯಾಂಕಿನವನು, ಸಾಲ ಕೊಟ್ಟ ಪಂಪ್‌ಸೆಟ್ಟು ಇದೆಯೋ ಇಲ್ಲವೋ ನೋಡಲು ಮೂರೂ ಕಡೆ ತಿರುಗುತ್ತಿದ್ದೆ. ಹೀಗಾಗಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಬರೀ ಸುದ್ದಿ ಹೇಳಿದರೆ ಯಾರಿಗೂ ಸಾಲದು. ಚಹಾ ಮುಂದಿಟ್ಟು, ಅವನ ದನಿಯಲ್ಲೇ ಹೇಳು ಎನ್ನುತ್ತಿದ್ದರು. ಯಾರಿಗೆ ಹೆಣ್ಣು ಹುಟ್ಟಿತು, ಯಾರಿಗೆ ಸಕ್ಕರೆ ಕಾಯಿಲೆ ಬಂತು, ಎಲ್ಲವನ್ನೂ ನಾನು ಅವರವರ ದನಿಯಲ್ಲೇ ಹೇಳುತ್ತಿದ್ದೆ. ಮನೆಗೆ ಬಂದು ನನ್ನ ದನಿಯಲ್ಲಿ ಊಟ ಕೇಳಿದರೆ ಹೆಂಡತಿ, ಇವರು ಯಾರು ಎಂದು ನೋಡುತ್ತಿದ್ದಳು.

ಇನ್ನು ಹಗ್ಗದ ಮಾತು ಹೇಳಬೇಕು. ಖಾಜಾನ ಮನೆಯ ಬಕ್ರೀದಿನ ಟಗರು ಪ್ರತಿ ವರ್ಷ ಮಲ್ಲಪ್ಪನ ಅಪ್ಪನ ಹಿಂಡಿನಿಂದಲೇ ಹೋಗಬೇಕು. ಗೆಳೆತನದಿಂದ ಶುರುವಾದದ್ದು ಪದ್ಧತಿಯೇ ಆಗಿತ್ತು. ಆ ಮುದುಕ ಮರಿಯಿದ್ದಾಗಲೇ ಒಂದನ್ನು ಆರಿಸಿ ಕೊರಳಿಗೆ ಕೆಂಪು ದಾರ ಕಟ್ಟುತ್ತಿದ್ದ. ಹಬ್ಬದ ಮುಂಚೆ ಖಾಜಾ ಮಸರಕಲ್ಲಿಗೆ ಬಂದರೆ, ತಾನೇ ಎದ್ದು ಟಗರಿನ ಹಗ್ಗವನ್ನು ಅವನ ಬಲಗೈಗೆ ಇಡುತ್ತಿದ್ದ. ಬೇರೆ ಯಾರಾದರೂ ಕೊಡಲು ಹೋದರೆ ಬಿಡುತ್ತಿರಲಿಲ್ಲ.

ಆ ಮುದುಕ ತೀರಿಕೊಂಡ. ಖಾಜಾ ಓಡಿ ಬಂದಿದ್ದ; ಮಣ್ಣು ಕೊಟ್ಟು, ಮಲ್ಲಪ್ಪನ ಹೆಗಲ ಮೇಲೆ ಕೈಯಿಟ್ಟು ಸಂಜೆಯವರೆಗೆ ಕೂತಿದ್ದ. ಆದರೆ ಆ ವರ್ಷ ಬಕ್ರೀದಿಗೆ ಬರಲಿಲ್ಲ. ರಾಯಚೂರಿಗೆ ಹೋದಾಗ ನಾನು ಕೇಳಿದೆ. ಈ ಸಲ ಸಂತೆಯಲ್ಲಿ ತೆಗೆದುಕೊಂಡೆ, ಮಸರಕಲ್ಲಿಗೆ ಹೋಗಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಆ ತಗ್ಗಿದ ದನಿಯನ್ನು ನಾನು ಕೇಳಿಸಿಕೊಂಡೆ, ಆದರೆ ಒಯ್ಯಲಿಲ್ಲ. ತಗ್ಗಿದ ದನಿಗೆ ಯಾರು ನಗುತ್ತಾರೆ? ಮಸರಕಲ್ಲಿನ ಕಟ್ಟೆಯ ಮೇಲೆ ನಾನು ಮಾಡಿ ತೋರಿಸಿದ್ದು ಅಂಗಡಿಯ ಖಾಜಾನನ್ನು: ಎದೆ ಉಬ್ಬಿಸಿ, ಕೈ ಬೀಸಿ, "ಈ ಸಲ ಸಂತ್ಯಾಗ ತಗೊಂಡೀನಿ, ಮಸರಕಲ್ಲಿಗೆ ಹೋಗಲಿಲ್ಲ!" ಅಕ್ಷರ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮಲ್ಲಪ್ಪ ನಗಲಿಲ್ಲ. ದೊಡ್ಡಿಯಲ್ಲಿ ಕೆಂಪು ದಾರದ ಟಗರು ಹುಲ್ಲು ತಿನ್ನುತ್ತಿತ್ತು. ಸಂತೆಯಲ್ಲಿ ಒಳ್ಳೆಯವೇ ಸಿಗುತ್ತವೆಂದು ಅವನಿಗೆ ಹೇಳು ಅಂದ. ಅದನ್ನೂ ನಾನು ಒಯ್ದೆ, ಚೆನ್ನಾಗಿ ಒಣಗಿಸಿ ಒಯ್ದೆ. ಖಾಜಾ ಗಲ್ಲಾ ಪೆಟ್ಟಿಗೆ ಮುಚ್ಚಿ ಗಿರಾಕಿಯ ಕಡೆ ತಿರುಗಿದ.

ಅಲ್ಲಿಂದ ವರ್ಷಗಟ್ಟಲೆ ಅವರು ಮಾತಾಡಲಿಲ್ಲ. ಖಾಜಾನ ತಾಯಿ ಹಾಸಿಗೆ ಹಿಡಿದಿದ್ದರು. ಆ ಕಟ್ಟಿಗೆ ಹುಡುಗ ಯಾಕೆ ಬರುವುದಿಲ್ಲ ಎಂದು ನಾನು ಹೋದಾಗಲೆಲ್ಲ ಕೇಳುತ್ತಿದ್ದರು. ದಿನ ಸವೆಯುತ್ತಿತ್ತು. ಎಲ್ಲರ ದನಿ ಬರುವ ನನಗೆ ಆ ಪ್ರಶ್ನೆಗೆ ಒಂದು ದನಿಯೂ ಹೊರಡುತ್ತಿರಲಿಲ್ಲ.

ಅದಕ್ಕೇ ಫೋನು. ಒಂದು ಮಧ್ಯಾಹ್ನ ಮ್ಯಾನೇಜರು ಊಟಕ್ಕೆ ಹೋದಾಗ ಖಾಜಾನ ಅಂಗಡಿಗೆ ಕಾಲ್ ಬುಕ್ ಮಾಡಿದೆ. ಲೈನು ಸಿಕ್ಕಿತು. ಗಂಟಲಲ್ಲಿ ಆ ಸದ್ದು ಮಾಡಿದೆ. ದೊಡ್ಡಿಯ ಬಾಗಿಲು ತೆಗೆದು ಒಂದೊಂದೇ ಮಾತು ಬಿಟ್ಟೆ. ದೇವದುರ್ಗದಿಂದ ಮಲ್ಲಪ್ಪ ಮಾತಾಡುತ್ತಿದ್ದೇನೆ, ಐತವಾರ ಮಾನ್ವಿಯಲ್ಲಿ ನಮ್ಮ ಬ್ಯಾಂಕಿನವನ ಮನೆಯಲ್ಲಿ ಹಳೆಯ ಗೆಳೆಯರು ಕೂಡುತ್ತೇವೆ, ನೀನೂ ಬಾ. ಆ ಕಡೆ ಲಾರಿಯೊಂದು ಹಾರ್ನು ಹೊಡೆದು ಹೋಯಿತು. ಆಮೇಲೆ, "ಆಗಲಿ, ಬರ್ತೀನಿ." ಫೋನಿಟ್ಟು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಶನಿವಾರದ ಹೊತ್ತಿಗೆ ಬುದ್ಧಿ ಬಂತು. ಖಾಜಾ ಬಂದು, ನೀ ಕರೆದದ್ದು ಒಳ್ಳೆಯದಾಯಿತು ಎಂದು ಮಲ್ಲಪ್ಪನಿಗೆ ಹೇಳುತ್ತಾನೆ. ನಾನೆಲ್ಲಿ ಕರೆದೆ ಎಂದು ಮಲ್ಲಪ್ಪ ಎದ್ದು ಹೋಗುತ್ತಾನೆ. ಅಲ್ಲಿಗೆ ಉಳಿದ ಒಂದೆಳೆಯೂ ಹರಿದಂತೆ. ಐತವಾರ ಬೆಳಿಗ್ಗೆ ಜ್ವರ ಬಂದರೆ ಸಾಕೆಂದು ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಬರಲಿಲ್ಲ.

ಮಂಡಾಳ ವಗ್ಗರಣೆ, ಮಿರ್ಚಿ ಬಜ್ಜಿ ತಯಾರಾಗಿದ್ದವು. ಶಾಂತಾ ಮೊದಲು ಬಂದಳು, ಆಮೇಲೆ ಖಾಜಾ. ಕೊನೆಗೆ ದೇವದುರ್ಗದ ಬಸ್ಸಿಳಿದು ಬಂದ ಮಲ್ಲಪ್ಪ, ಒಳಗೆ ಯಾರಿದ್ದಾರೆಂದು ನೋಡಿ ಹೊಸ್ತಿಲಲ್ಲೇ ನಿಂತ. ಅವನನ್ನು ಊಟಕ್ಕೆ ಕರೆಯುವಾಗ ನಾನು ಖಾಜಾ ಬರುವ ಸುದ್ದಿಯನ್ನೇ ಹೇಳಿರಲಿಲ್ಲ. ನನ್ನ ಹೆಂಡತಿ ತಂಬಿಗೆಯಲ್ಲಿ ನೀರು ಕೊಟ್ಟಳೆಂದು ಮರ್ಯಾದೆಗೆ ಒಳಗೆ ಬಂದು ಕೂತ.

ಸುದ್ದಿಗಳು ನಡೆದವು. ಖಾಜಾನ ದೊಡ್ಡ ಮಗಳು ನಮ್ಮದೇ ಕಾಲೇಜಿಗೆ ಸೇರಿದ್ದಾಳೆ, ಅದೇ ಫ್ಯಾನು ಇನ್ನೂ ಯೋಚಿಸುತ್ತಿದೆಯಂತೆ. ಶಾಂತಾಳ ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿದೆ. ಅವಳು ಕಲ್ಲೂರು ಬಿಟ್ಟು ಹೋಗುವುದಿಲ್ಲವೆಂದು ಅವನೇ ವಾರಕ್ಕೊಮ್ಮೆ ಬರುತ್ತಾನೆ. ಮಲ್ಲಪ್ಪನಿಗೆ ಸಕ್ಕರೆ ಕಾಯಿಲೆ, ಚಹಾ ಸಪ್ಪಗೆ. ಎಲ್ಲವೂ ಬಂತು. ಆದರೆ ಅವರಿಬ್ಬರು ಒಬ್ಬರನ್ನೊಬ್ಬರು ನೋಡದೆ ಶಾಂತಾಳಿಗೇ ಹೇಳುತ್ತಿದ್ದರು. ಚಟ್ನಿ ಬೇಕಾದರೂ ಅವಳ ಮೂಲಕವೇ ಹೋಗಬೇಕು. ಎರಡು ಸಲ ದಾಟಿಸಿ ಅವಳಿಗೆ ಸಾಕಾಯಿತು.

"ಪಕ್ಕದ ಬೆಂಚಿನವರ ಜೋಡಿ ಮಾತಾಡಾಕ ಹೆಡ್‌ಮಿಸ್ ಪರ್ಮಿಷನ್ ಬೇಕೇನ್ರಿ ನಿಮಗ?"

ಖಾಜಾ ಕೈ ಒರೆಸಿಕೊಂಡು ಮೊದಲ ಸಲ ನೇರವಾಗಿ ಮಲ್ಲಪ್ಪನನ್ನು ನೋಡಿದ. "ನೀ ಫೋನ್ ಮಾಡಿ ಕರದಿ ಅಂತ ಬಂದೀನಿ."

ನಾನು ಕೈಯಲ್ಲಿದ್ದ ಮಿರ್ಚಿಯನ್ನು ಜೀವಮಾನದಲ್ಲಿ ಕಂಡೇ ಇಲ್ಲದವನಂತೆ ನೋಡುತ್ತ ಕೂತೆ. ಮಲ್ಲಪ್ಪ ಖಾಜಾನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನನ್ನ ಬೋಳು ತಲೆಯ ಮೇಲೆ ಎಲ್ಲವೂ ಅಚ್ಚಾಗಿತ್ತೋ ಏನೋ. ಗಂಟಲಲ್ಲಿ ಆ ಸದ್ದು ಬಂತು. ಈ ಸಲ ಅಸಲಿಯದು.

"ಹೂಂ," ಅಂದ. "ಮಾಡಿದ್ದೆ."

ನನ್ನ ಜೀವ ತಿರುಗಿ ಬಂದು ಎಲ್ಲಿ ಕೂತುಕೊಳ್ಳಲಿ ಎಂದು ಕೇಳಿತು. ಆದರೆ ಮಲ್ಲಪ್ಪ ಅಲ್ಲಿಗೇ ನಿಲ್ಲಿಸಲಿಲ್ಲ. "ಆ ವರ್ಷ ಯಾಕ ಬರಲಿಲ್ಲ ನೀ? ಅಪ್ಪ ದಾರ ಕಟ್ಟಿಟ್ಟು ಹೋಗಿದ್ದ. ಅಪ್ಪನ ಕೈ ಹೋತಂದ್ರ, ನಂದು ಕೈ ಅಲ್ಲೇನು?"

ಖಾಜಾನ ಮಾತು ಬೋಲ್ಟಿನ ಹಾಗೆ ಸುರಿಯಲಿಲ್ಲ. ಅಂಗಡಿಯಲ್ಲಿ ನಾನು ಕೇಳಿ ಬಿಟ್ಟುಬಂದಿದ್ದ ಅದೇ ತಗ್ಗಿದ ದನಿ ಬಂತು. "ನಿಮ್ಮಪ್ಪ ಹೋಗಿ ವರ್ಷ ತುಂಬಿದ್ದಿಲ್ಲೋ. ಮಣ್ಣು ಕೊಟ್ಟ ಮನಿಗೆ ಹಗ್ಗ ಕೊಡು ಅಂತ ಹೆಂಗ ಬರಬೇಕು? ನೀ ಕರಿತಿ ಅಂತ ಕಾದೆ."

ಶಾಂತಾ ಚಟ್ನಿಯ ಬಟ್ಟಲನ್ನು ಇಬ್ಬರ ನಡುವೆ ಇಟ್ಟು ದೂರ ಸರಿದು ಕೂತಳು. ಕರೆಯದೆ ತಾನು ಬರಬಾರದೆಂದು ಒಬ್ಬ, ಎಂದಿನಂತೆ ಅವನೇ ಬರಲೆಂದು ಇನ್ನೊಬ್ಬ, ಇಬ್ಬರೂ ಮರ್ಯಾದೆ ಕಾಯುತ್ತ ಕೂತಿದ್ದರು. ನಡುವೆ ನಾನೊಬ್ಬ ಕೈ ಬೀಸಿ ಆಟ ಕಟ್ಟಿದ್ದೆ. ತಡೆಯಲಾರದೆ ಎಲ್ಲ ಒಪ್ಪಿಕೊಂಡೆ, ಕಟ್ಟೆಯ ಮೇಲಿನ ನಾಟಕವನ್ನೂ, ಫೋನನ್ನೂ.

ಖಾಜಾ ನಕ್ಕುಬಿಟ್ಟ. ಫೋನೆತ್ತಿದ ಕೂಡಲೇ ಎಕ್ಸ್‌ಚೇಂಜಿನ ಹೆಣ್ಣುಮಗಳು, ಮಾನ್ವಿ ಕಾಲ್ ಅದ, ಮಾತಾಡ್ರಿ ಅಂದಿದ್ದಳಂತೆ. ದೇವದುರ್ಗದ ಮಲ್ಲಪ್ಪ ಮಾನ್ವಿಯಿಂದ ಯಾಕೆ ಮಾತಾಡುತ್ತಾನೆ? ಗಂಟಲಿನ ಸದ್ದಿಗೆ ಇಷ್ಟು ರಿಯಾಜು ಮಾಡಿದ ಕಲಾವಿದ, ಟ್ರಂಕ್ ಕಾಲಿನಲ್ಲಿ ಊರಿನ ಹೆಸರು ಮೊದಲು ಹೋಗುತ್ತದೆ ಎಂಬುದನ್ನೇ ಮರೆತಿದ್ದ. ಗೊತ್ತಿದ್ದೂ ಯಾಕೆ ಬಂದೆ ಎಂದು ಕೇಳಿದೆ.

"ನಿನ್ನ ದನಿಗೆ ಬರಲಿಲ್ಲಲೇ. ಅವ ಹೌದಂತಾನೋ ಇಲ್ಲಂತಾನೋ ನೋಡೂಣಂತ ಬಂದೆ."

ಆ ದಿನವೇ ಮಲ್ಲಪ್ಪ ದೇವದುರ್ಗದ ಬಸ್ಸು ಬಿಟ್ಟು ರಾಯಚೂರಿನ ಬಸ್ಸು ಹತ್ತಿದ. ಹಾಸಿಗೆಯಲ್ಲಿದ್ದ ತಾಯಿ ಅವನ ತೋಳು ಹಿಡಿದು ನೋಡಿ, ಈಗ ಕಟ್ಟಿಗೆಯಲ್ಲ, ತೊಲೆಯಾಗಿದ್ದಾನೆ ಅಂದರಂತೆ. ಸುದ್ದಿ ಕೇಳಿದ ಮೇಲೆ ನನಗೆ ಬಹಳ ದಿನಗಳ ನಂತರ ನಿದ್ದೆ ಹತ್ತಿತು. ಹೆಂಡತಿ ಹೇಳಿದಳು, ಗೊರಕೆ ಮಾತ್ರ ನನ್ನದೇ ಇತ್ತಂತೆ.

ಬಕ್ರೀದಿನ ಮುಂಚೆ ಎಲ್ಲರೂ ಮಸರಕಲ್ಲಿಗೆ ಹೋದೆವು. ಕೆಂಪು ದಾರದ ಟಗರನ್ನು ಮಲ್ಲಪ್ಪ ಯಾರಿಗೂ ಕೊಟ್ಟಿರಲಿಲ್ಲ. ಅದು ವರ್ಷಗಟ್ಟಲೆ ತಿಂದು, ಊರ ಗೌಡರ ಗತ್ತಿನಿಂದ ಓಣಿಯಲ್ಲಿ ತಿರುಗುತ್ತ, ಪಂಪಿನ ಮನೆಯ ಗೋಡೆಗೆ ಹಾಯ್ದು ಒಂದು ಕೋಡನ್ನು ಬುಡಕ್ಕೆ ಮುರಿದುಕೊಂಡಿತ್ತು. ಖಾಜಾ ಸುತ್ತ ತಿರುಗಿ ನೋಡಿದ. ಕೋಡು ಮುರಿದದ್ದು ಕುರ್ಬಾನಿಗೆ ಬರುವುದಿಲ್ಲವೆಂದ. ವಯಸ್ಸು ನೋಡಿದರೆ ನಮ್ಮ ಜೊತೆ ಕಾಲೇಜು ಓದಿದ ಹಾಗಿದೆ ಎಂದೂ ಸೇರಿಸಿದ. ಟಗರು ಸಮಾಧಾನದಿಂದ ನನ್ನ ತೊಡೆಗೆ ಒಂದು ಗುದ್ದು ಕೊಟ್ಟು ಹೋಯಿತು. ನ್ಯಾಯವಾಗಿಯೇ ಕೊಟ್ಟಿತು. ಮಲ್ಲಪ್ಪ ಹಿಂಡಿನೊಳಗೆ ಹೋಗಿ ಬೇರೊಂದನ್ನು ಹಿಡಿದು ತಂದ. ಆಮೇಲೆ ಅಪ್ಪನ ಹಾಗೆಯೇ ಖಾಜಾನ ಬಲಗೈ ತೆರೆದು ಹಗ್ಗವನ್ನು ಅದರಲ್ಲಿ ಇಟ್ಟ. ಆ ಗಳಿಗೆಯನ್ನು ಮಾತ್ರ ನಾನು ಇದುವರೆಗೆ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಈಗ ನನ್ನ ಮುಂದೆ ಈ ಹೊಸ ಫೋನು. ನಡುವೆ ಹೆಣ್ಣುಮಗಳಿಲ್ಲ, ಊರಿನ ಹೆಸರು ಹೇಳುವವರಿಲ್ಲ. ಚಟ ಎಂಬುದು ಸುಡುಗಾಡಿನವರೆಗೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮ್ಯಾನೇಜರು ಊಟಕ್ಕೆ ಹೋದರು. ನಾನು ಖಾಜಾನ ನಂಬರು ತಿರುಗಿಸಿದೆ, ಗಂಟಲಲ್ಲಿ ಆ ಸದ್ದು ಮಾಡಿದೆ, ದೊಡ್ಡಿಯ ಬಾಗಿಲು ತೆಗೆದು, ನಾನು ಮಲ್ಲಪ್ಪ, ದೇವದುರ್ಗದಿಂದ, ಎಂದು ಒಂದೊಂದಾಗಿ ಬಿಟ್ಟೆ. ಒಂದು ಮಾತೂ ತಪ್ಪಲಿಲ್ಲ. ಆ ಕಡೆ ಬಸಿಯಲ್ಲಿ ಯಾರೋ ಚಹಾ ಹೀರುವ ಸದ್ದು ಕೇಳಿಸಿತು. ಆಮೇಲೆ ಖಾಜಾ ಅಂದ:

"ಮಲ್ಲ್ಯಾ ನನ್ನ ಎದುರಿಗೇ ಕುಂತು ಸಪ್ಪನ ಚಾ ಕುಡಿಯಾಕತ್ತಾನ. ತಡಿ, ಅವನ ಕೈಗೇ ಫೋನ್ ಕೊಡ್ತೀನಿ, ಇಬ್ಬರೊಳಗ ಖರೇ ಮಲ್ಲ್ಯಾ ಯಾವನಂತ ನೀವ ಬಗಿಹರಿಸ್ಕೋರ್ರಿ."