ಅತ್ತೆಯ ಬ್ಲಡ್ ಗ್ರೂಪ್

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ನಿಮಗೆ ಬಾಯಲ್ಲಿ ನೀರೂರುತ್ತದೆ. ನನಗೆ ಇಂಜೆಕ್ಷನ್ ನೆನಪಾಗುತ್ತದೆ. ನಗಬೇಡಿ, ಪೂರ್ತಿ ಕೇಳಿ. ಇವತ್ತು ಬೆಳಿಗ್ಗೆ ಮಾರೇನಹಳ್ಳಿ ಕಡೆ ಹೋದವಳು ತಳ್ಳುಗಾಡಿ ಕಂಡು ಮೂರು ಕೇಜಿ ಕಾಯಿ ತೂಗಿಸಿಕೊಂಡೆ. ಬೆರಳಿಗೆಲ್ಲ ಸೊಗಡು ಹತ್ತಿತು. ಬಸ್ಸಿನಲ್ಲಿ ಕೈ ಮೂಸಿಕೊಳ್ಳುತ್ತ ನನ್ನಷ್ಟಕ್ಕೆ ನಗುತ್ತಿದ್ದುದನ್ನು ನೋಡಿ ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ನಮ್ಮ ಮನೆ ಇರುವುದು ಮಲ್ಲತ್ತಹಳ್ಳಿಯಲ್ಲಿ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವನವರ ರಾಗಿ ಹೊಲವೆಲ್ಲ ಲೇಔಟ್ ಆಗಿ, ಉಳಿದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದು, ಮೇಲಿನ ಎರಡರಲ್ಲಿ ಬಾಡಿಗೆಯವರು ಸೇರಿಕೊಂಡಿದ್ದರು. ಹೊಲ ಹೋದರೂ ಅತ್ತೆಗೆ ಹೊಲದ ಬುದ್ಧಿ ಹೋಗಿರಲಿಲ್ಲ. ಅವರೆಕಾಲ ಬಂತೆಂದರೆ ಮೂಟೆಗಟ್ಟಲೆ ಕಾಯಿ ತರಿಸಿ, ಸುಲಿಸಿ, ನೆನೆಹಾಕಿ, ಹಿತಕಿ ಸಿಪ್ಪೆ ತೆಗೆದು, ಪ್ಯಾಕೆಟ್ ಕಟ್ಟಿ ಫ್ರೀಜರಿನಲ್ಲಿ ತುರುಕುತ್ತಿದ್ದರು. ಬೇಸಿಗೆಯಲ್ಲಿ ನೆಂಟರಿಗೆ ಹಿತಕಿದ ಬೇಳೆ ಸಾರು ಬಡಿಸಿ ಅವರ ಮುಖ ನೋಡುವುದು ಅತ್ತೆಗೆ ದೊಡ್ಡ ಸಂತೋಷ. ರಾಜಾಜಿನಗರದಲ್ಲಿ ಕಾಲು ಕೇಜಿ ಲೆಕ್ಕದಲ್ಲಿ ತರಕಾರಿ ತಂದು ಬೆಳೆದ ನನಗೆ ಇದು ಶುದ್ಧ ಹುಚ್ಚು ಅನ್ನಿಸುತ್ತಿತ್ತು. ಈಗ ನಾನೇ ಮೂರು ಕೇಜಿ ಹೊತ್ತು ತಂದಿದ್ದೇನೆ, ಮಾತಾಡುವ ಹಾಗಿಲ್ಲ.

ಮದುವೆಗೆ ಮುಂಚೆ ನಮ್ಮ ಜಾತಕ ನೋಡಿಸಿದ್ದರು. ಗಣ ಕೂಡಿತು, ನಾಡಿ ಕೂಡಿತು, ಎಲ್ಲವೂ ಕೂಡಿತು. ರಕ್ತದ ಗುಂಪು ಯಾವುದೆಂದು ಮಾತ್ರ ಯಾವ ಪುಣ್ಯಾತ್ಮನೂ ಕೇಳಲಿಲ್ಲ. ಬಸುರಿಯಾದ ಮೇಲೆ ಡಾಕ್ಟರಮ್ಮ ರಿಪೋರ್ಟ್ ಹಿಡಿದು, "ನಿಮ್ಮದು ಓ ನೆಗೆಟಿವ್, ನಿಮ್ಮ ಯಜಮಾನ್ರದು ಪಾಸಿಟಿವ್. ಸ್ವಲ್ಪ ಹುಷಾರಾಗಿರ್ಬೇಕು" ಅಂದರು. ನನ್ನ ಗಂಡ ಮಂಜು ಅಲ್ಲೇ ಬೆವರತೊಡಗಿದರು. ಮಗುವಿಗೆ ಅಪ್ಪನ ಪಾಸಿಟಿವ್ ಬಂದಿದ್ದರೆ ನನ್ನ ಮೈ ಅದರ ರಕ್ತವನ್ನು ಹೊರಗಿನದು ಅಂತ ತಿಳಿದು ಜಗಳಕ್ಕೆ ತಯಾರಾಗುತ್ತದಂತೆ. ಮೊದಲ ಮಗು ಸಾಮಾನ್ಯವಾಗಿ ಬಚಾವು, ಏಟು ಬೀಳುವುದು ಆಮೇಲಿನವಕ್ಕೆ. ನಮ್ಮ ಬೀದಿಯ ಓನರುಗಳೂ ಹೀಗೇ. ಮೊದಲ ಬಾಡಿಗೆಯವರ ಹತ್ತಿರ ಹಲ್ಲು ಕಚ್ಚಿಕೊಂಡಿದ್ದು, ಅವರು ಖಾಲಿ ಮಾಡಿದ ಮೇಲೆ ಹೊಸಬರ ಮೇಲೆ ಹಾರಾಡುತ್ತಾರೆ. ಆ ಸಿಟ್ಟು ಹುಟ್ಟದ ಹಾಗೆ ಏಳನೇ ತಿಂಗಳಲ್ಲೊಂದು, ಹೆರಿಗೆಯಾದ ಮೂರು ದಿನದೊಳಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರೆ ಆಯಿತು ಅಂದರು.

ಏಳನೇ ತಿಂಗಳಲ್ಲೇ ಸೀಮಂತವೂ ಬಂತು. ನನ್ನ ತಕರಾರು ಇದ್ದದ್ದು ಅಲ್ಲಿ. ನಮ್ಮಲ್ಲಿ ಬಸುರಿಗೆ ಮೊದಲ ಬಳೆ ತೊಡಿಸುವುದು ಅತ್ತೆ. ನಮ್ಮತ್ತೆ ಮಾತ್ರ, "ರಂಗಮ್ಮ ಅತ್ತಿಗೆ ತೊಡಿಸ್ತಾರೆ ಕಣವ್ವ, ನಂಗೆ ಒಲೆ ತಾವ ಕೆಲ್ಸ ಅದೆ" ಅಂದುಬಿಟ್ಟರು. ರಂಗಮ್ಮ ಮಾವನವರ ಅಕ್ಕ. ನನಗೆ ಮುಖ ಊದಿಕೊಂಡಿತು. ನನ್ನ ಮೇಲೆ ಅಷ್ಟೂ ಪ್ರೀತಿ ಇಲ್ಲವೇ? ಯಾವ ಮನೆಯ ನಾಮಕರಣಕ್ಕೆ ಹೋದರೂ, ಯಾರ ಆರತಿಗೆ ಹೋದರೂ ಅತ್ತೆ ನೆಟ್ಟಗೆ ಅಡುಗೆಮನೆ ಸೇರುವುದನ್ನು ನೋಡಿದ್ದೆ. ಒಲೆ ಕಂಡರೆ ಅಷ್ಟು ಆಸೆ ಅಂದುಕೊಂಡಿದ್ದೆ, ಎಂಥ ಪೆದ್ದಿ ನಾನು!

ಸೀಮಂತ ಭಾನುವಾರ, ಇಂಜೆಕ್ಷನ್ ಅದರ ಹಿಂದಿನ ಗುರುವಾರ. ಕೊನೇ ಗಳಿಗೆಯಲ್ಲಿ ಸಿಗದಿದ್ದರೆ ಅನ್ನುವ ಭಯಕ್ಕೆ ಮಂಜು ಸೋಮವಾರವೇ ನಾಲ್ಕು ಮೆಡಿಕಲ್ ಶಾಪ್ ಅಲೆದು, ಐಸ್ ಪ್ಯಾಕಿನ ನಡುವೆ ಅದನ್ನಿಟ್ಟುಕೊಂಡು ಬಂದು ಫ್ರಿಜ್ ಬಾಗಿಲಿನಲ್ಲಿ ಮೊಸರಿನ ಪಕ್ಕ ಇಟ್ಟರು. "ಯಾರೂ ಮುಟ್ಬೇಡಿ" ಅಂತ ಮೂರು ಸಲ ಹೇಳಿದರು. ಗುರುವಾರ ಅತ್ತೆಯೂ ಜೊತೆಗೆ ಹೊರಟರು. ಡಬ್ಬಿ ತಾವೇ ತರುತ್ತೇನೆಂದು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡು ಬಂದರು.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಡಬ್ಬಿ ಬಿಚ್ಚಿ ಹುಬ್ಬೇರಿಸಿದರು. "ಇದೇನಮ್ಮ, ಕಲ್ಲಾಗಿದೆ! ಎಲ್ಲಿಟ್ಟಿದ್ರಿ?"

"ಫ್ರಿಜ್ಜಲ್ಲೇ ಮೇಡಂ" ಅಂದೆ.

"ನಾನೇ ಮೇಲಕ್ಕಿಕ್ದೆ," ಅತ್ತೆ ಮೆಲ್ಲಗೆ ಅಂದರು. "ಐಸ್‌ನಾಗೆ ತಂದಿದ್ದು, ಬಾಗ್ಲತಾವ ಇದ್ರೆ ಕೆಟ್ಟೋಯ್ತದೆ ಅಂತ... ಅವರೆಬ್ಯಾಳೆ ಪ್ಯಾಕೆಟ್ ಎರಡು ತೆಗ್ದು ಜಾಗ ಮಾಡಿದ್ದೆ."

ತಮ್ಮ ಬೇಳೆಯನ್ನು ಈಚೆ ತೆಗೆದು ಜಾಗ ಮಾಡಿಕೊಟ್ಟಿದ್ದಾರೆ ಅಂದರೆ ಅತ್ತೆಯ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆದರೆ ಗಡ್ಡೆ ಕಟ್ಟಿದ ಔಷಧ ದಂಡ. ಡಾಕ್ಟರಮ್ಮ ಗದರಲಿಲ್ಲ, "ಇನ್ನೊಂದು ತಂದ್ರಾಯ್ತು ಬಿಡಿ" ಅಂದರು. ಮಂಜು ಗಾಡಿ ಹತ್ತಿ ಓಡಿದರು. ಅಷ್ಟರಲ್ಲಿ ಇತ್ತ ಅತ್ತೆ ಗೋಡೆಗೆ ಒರಗಿ ಗೊಳೋ ಅಂತ ಅಳತೊಡಗಿದರು.

"ನನ್ ಕೈಯೇ ಅಂಥಾದ್ದು ಡಾಕ್ಟ್ರಮ್ಮ! ಮಂಜ ಆದ್ಮೇಲೆ ಎರಡು ಹೆತ್ತೆ. ಒಂದು ಹುಟ್ಟಿದ್ ದಿನಾನೇ ಅರಿಶಿನ ಬಳ್ದಂಗೆ ಹಳದಿಗಾಗಿ ಮೂರು ದಿವ್ಸಕ್ಕೆ ಹೋಯ್ತು. ಇನ್ನೊಂದು ಊದ್ಕೊಂಡು ಹೊಟ್ಟೇಲೇ ಹೋಯ್ತು. ನಾಗರಕಲ್ಲು ಇಡ್ಸಿದ್ವಿ, ಏನೂ ಆಗ್ನಿಲ್ಲ. ಮಕ್ಳು ನಿಲ್ದಿರೋಳ ಕೈ ಬಸ್ರೀನ ಮುಟ್ಬಾರ್ದು ಅಂದ್ರು ರಂಗಮ್ಮ ಅತ್ತಿಗೆ. ಅದ್ಕೇ ನಾನು ದೂರಾನೇ ಇದ್ದೆ. ಇವಳ ಔಷ್ದಿ ಮುಟ್ದೆ, ನೋಡಿ!"

ಒಲೆಯ ಆಸೆಯಲ್ಲವಂತೆ ಅದು. ಇಷ್ಟು ವರ್ಷ, ಪ್ರತಿಯೊಬ್ಬರ ಮನೆಯಲ್ಲೂ. ನನಗೆ ರಂಗಮ್ಮತ್ತೆಯ ಮೇಲೆ ಮೈ ಉರಿಯಿತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬನ್ನಿ ಇಲ್ಲಿ" ಅಂತ ಅತ್ತೆಯನ್ನು ಪಕ್ಕದ ಲ್ಯಾಬಿಗೆ ಕರೆದುಕೊಂಡು ಹೋದರು, ನಾನೂ ಹಿಂದೆಯೇ ಹೋದೆ. ಲ್ಯಾಬಿನ ಹುಡುಗಿ ಬೆರಳು ಚುಚ್ಚಿ, ಬಿಳಿ ಹಂಚಿನ ಮೇಲೆ ಮೂರು ತೊಟ್ಟು ರಕ್ತ ಇಟ್ಟು, ಒಂದೊಂದಕ್ಕೂ ಒಂದೊಂದು ಔಷಧ ಬೆರೆಸಿ ಅಲುಗಾಡಿಸಿದಳು. ಹಾಲು ಒಡೆದ ಹಾಗೆ ಕಣಕಣ ಆದರೆ ಒಂದು ಲೆಕ್ಕ, ಆಗದಿದ್ದರೆ ಇನ್ನೊಂದು. ನಾವು ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದೆವು. ಮೂರರಲ್ಲಿ ಒಂದೂ ಒಡೆಯಲಿಲ್ಲ.

"ಓ ನೆಗೆಟಿವ್," ಅಂದಳು ಹುಡುಗಿ.

ಡಾಕ್ಟರಮ್ಮ ಅತ್ತೆಯ ಕೈ ಹಿಡಿದುಕೊಂಡರು. "ಆ ಮಕ್ಕಳಿಗೆ ಇದೇ ಆಗಿತ್ತು ಅಂತ ಈಗ ಆಣೆ ಮಾಡಿ ಹೇಳೋಕಾಗಲ್ಲಮ್ಮ. ಆದ್ರೆ ನೀವು ಹೇಳಿದ್ದೆಲ್ಲ ಅದೇ ಥರ ಇದೆ. ನಿಮ್ಮ ಕೈದೇನೂ ತಪ್ಪಿಲ್ಲ. ಆಗ ನಿಮಗೆ ಈ ಇಂಜೆಕ್ಷನ್ ಕೊಡೋರು ಯಾರೂ ಇರ್ಲಿಲ್ಲ, ಅಷ್ಟೆ."

ಅತ್ತೆ ಬಗ್ಗಿ ಹಂಚನ್ನು ಇನ್ನೊಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರೆ ನಿಂದೂ ನಂದೂ ಒಂದೇ ರಕ್ತ ಏನವ್ವ?" ಅಂದರು. ಹೌದು ಅಂದೆ. ಕಣ್ಣೀರಿನ ಮಧ್ಯೆಯೇ ನಕ್ಕುಬಿಟ್ಟರು. ಮಂಜು ಹೊಸ ಇಂಜೆಕ್ಷನ್ ಹಿಡಿದು ಏದುಸಿರು ಬಿಡುತ್ತ ಬಂದಾಗ ಅತ್ತೆ ಸೊಸೆ ಇಬ್ಬರೂ ಅಪ್ಪಿಕೊಂಡು ನಗುತ್ತಿರುವುದನ್ನು ಕಂಡು, ಏನು ಕೇಳಬೇಕೋ ತಿಳಿಯದೆ ಬಾಗಿಲಲ್ಲೇ ನಿಂತರು. ವಾಪಸ್ ಬರುವಾಗ ಅತ್ತೆ ಆಟೋದವನಿಗೂ ಹೇಳಿದರು, "ನಂದು ನೆಗೆಟಿವ್ ಕಣಪ್ಪ!" ಅವನು ಕೊರೋನಾ ಅಂದುಕೊಂಡನೋ ಏನೋ, "ಒಳ್ಳೇದಾಯ್ತು ಬಿಡಮ್ಮ" ಅಂದ.

ಭಾನುವಾರ ಶಾಮಿಯಾನದ ಕೆಳಗೆ ನನ್ನನ್ನು ಕೂರಿಸಿದರು. ರಂಗಮ್ಮತ್ತೆ ಹಸಿರು ಬಳೆಯ ತಟ್ಟೆ ಎತ್ತಿಕೊಂಡರು. ನಾನು ಎರಡು ದಿನದಿಂದ ಒಂದು ಭಾಷಣ ತಯಾರಿ ಮಾಡಿದ್ದೆ, ರಕ್ತ, ವಿಜ್ಞಾನ, ಮೂಢನಂಬಿಕೆ ಎಲ್ಲ ಅದರಲ್ಲಿತ್ತು. ಆ ಹೊತ್ತಿಗೆ ಒಂದಕ್ಷರವೂ ನೆನಪಾಗಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಣ್ಣ ಮಗುವಿನ ಹಾಗೆ, "ನಮ್ಮತ್ತೆ ಬರೋವರೆಗೂ ನಾನು ಕೈ ಕೊಡಲ್ಲ" ಅಂದೆ.

"ಏನ್ ಹಟಾನೇ ಇದು?" ರಂಗಮ್ಮತ್ತೆ ರೇಗಿದರು. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ರವಿಕೆಯೊಳಗಿನ ಚಿಕ್ಕ ಪರ್ಸಿನಿಂದ ಲ್ಯಾಬಿನವರು ಕೊಟ್ಟ ಚೀಟಿ ತೆಗೆದು ರಂಗಮ್ಮತ್ತೆಯ ಮುಂದೆ ಹಿಡಿದರು. "ಓದಿಸ್ಕೊಳಿ ಅತ್ತಿಗೆ, ಯಾರ್ ತಾವನಾದ್ರೂ. ನನ್ ಕೈ ಚೆನ್ನಾಗೇ ಅದೆ." ಹಾಗಂದವರೇ ತಟ್ಟೆ ಇಸಿದುಕೊಂಡು ನನ್ನೆದುರು ಕೂತರು. ಅವಸರಕ್ಕೆ ಎರಡು ಬಳೆ ಒಡೆದವು. ಮೂರನೆಯದು ಸಲೀಸಾಗಿ ಏರಿತು. ನನಗೆ ಅಳು, ಅತ್ತೆಗೆ ಅಳು, ಫೋಟೋದಲ್ಲಿ ಇಬ್ಬರ ಮೂಗೂ ಕೆಂಪು.

ಮಗಳು ಹುಟ್ಟಿದಳು, ಓ ಪಾಸಿಟಿವ್. ಮೂರು ದಿನ ಟೈಮಿದ್ದರೂ ಅತ್ತೆ ಮೂರು ಗಂಟೆಯೂ ಬಿಡಲಿಲ್ಲ, ನರ್ಸುಗಳ ಬೆನ್ನು ಬಿದ್ದು ಇಂಜೆಕ್ಷನ್ ಕೊಡಿಸಿದರು. ಆಮೇಲೆ ಮಗ ಬಂದ. ಅವನ ಸಲ ನನ್ನ ಪ್ರತಿಯೊಂದು ರಕ್ತಪರೀಕ್ಷೆಗೂ ಅತ್ತೆ ಜೊತೆ ಬಂದು, ನನ್ನ ಮೈ ಜಗಳಕ್ಕೆ ಎದ್ದಿಲ್ಲ ಅಂತ ಡಾಕ್ಟರಮ್ಮನ ಬಾಯಿಂದಲೇ ಕೇಳಿಸಿಕೊಂಡು ಏಳುತ್ತಿದ್ದರು. ಗುಂಡುಗುಂಡಗೆ ಹುಟ್ಟಿದ ಅವನೀಗ ಎಲ್‌ಕೆಜಿಯಲ್ಲಿ ಮಿಸ್ಸಿನ ಪ್ರಾಣ ತಿನ್ನುತ್ತಿದ್ದಾನೆ. ನಮ್ಮ ಬೀದಿಯಲ್ಲಿ ಯಾವ ಹುಡುಗಿಗೆ ವಾಂತಿ ಶುರುವಾದರೂ ಅತ್ತೆ ಕೇಳುವುದು ಒಂದೇ, "ಗ್ರೂಪ್ ಯಾವ್ದವ್ವ?"

ಇವತ್ತು ಸಂಜೆ ಮೇಲಿನ ಮನೆಯ ಪಲ್ಲವಿ ತನ್ನ ರಿಪೋರ್ಟ್ ತಂದಿದ್ದಳು. ಮೂರು ತಿಂಗಳು ಅವಳಿಗೆ. "ಆಂಟಿ, ನಂದು ಬಿ ಪಾಸಿಟಿವ್" ಅಂದಳು. ಅತ್ತೆ ನಿರಾಳವಾಗಿ ಅವಳ ತಲೆ ಸವರಿದರು. ಅವಳು ಮಾತಿಗೆ ಮಾತು ಸೇರಿಸುತ್ತ, "ನಿಮಗೆಷ್ಟು ಜನ ಮಕ್ಕಳು ಆಂಟಿ?" ಅಂತ ಕೇಳಿದಳು.

ಈ ಪ್ರಶ್ನೆಗೆ ಅತ್ತೆಯ ಉತ್ತರ ನನಗೆ ಬಾಯಿಪಾಠ. ಯಾರು ಕೇಳಿದರೂ "ಒಬ್ನೇ" ಅಂದು ಮಾತು ತಿರುಗಿಸಿಬಿಡುತ್ತಿದ್ದರು.

"ಮೂರು ಜನ ಕಣವ್ವ," ಅಂದರು ಅತ್ತೆ. "ಮಂಜ ದೊಡ್ಡೋನು. ಆಮೇಲೆ ಒಂದ್ ಹೆಣ್ಣು, ಒಂದ್ ಗಂಡು. ಹೆಣ್ಣು ಬೋ ಲಕ್ಷಣವಾಗಿತ್ತು, ತಲೆ ತುಂಬ ಕೂದ್ಲು."

ಹೇಳುವಾಗ ಮುಖದಲ್ಲಿ ಅಳುವಿರಲಿಲ್ಲ, ಒಂದು ಥರದ ಹೆಮ್ಮೆಯಿತ್ತು. ಆ ಎರಡು ಕೂಸುಗಳ ವಿಷಯ ನನಗೆ ಗೊತ್ತೇ ಇತ್ತು. ಅವು ನನಗೆ ಏನಾಗಬೇಕು ಅಂತ ಮಾತ್ರ ಇವತ್ತಿನವರೆಗೂ ಹೊಳೆದಿರಲಿಲ್ಲ. ನನಗೊಬ್ಬಳು ನಾದಿನಿ, ಒಬ್ಬ ಮೈದುನ.